ಸೂಲಿಬೆಲೆಯ ಕೆಂಪು ನೆಲ

ಯುದ್ಧ ಮುಗಿದು ಸಿಮೆಂಟು ಸಿಗತೊಡಗಿದ ಕಾಲ. ಸೂಲಿಬೆಲೆಯ ಗೋಪಾಲಪ್ಪನವರ ತೊಟ್ಟಿಮನೆಯ ಗಾರೆ ಕೆಲಸ ಹಿಡಿದಿದ್ದೆ. ಹಲಸಿನ ಕಂಬಗಳನ್ನು ಹಾಗೆಯೇ ಉಳಿಸಿಕೊಂಡು, ನಡುಮನೆಯ ಮಣ್ಣಿನ ನೆಲಕ್ಕೆ ಮಾತ್ರ ಕೆಂಪು ಸಿಮೆಂಟು ಹಾಕಿದೆ. ಮುಖ ಕಾಣುವಷ್ಟು ನುಣುಪು ಬಂತು. ಅಷ್ಟು ಚೆಂದದ ಕೆಲಸ ನನ್ನ ಕೈಯಲ್ಲಿ ಮತ್ತೆ ಆಗಲಿಲ್ಲ.

ಆದರೆ ಅವರ ತಾಯಿ ಅಮ್ಮಯಮ್ಮ ಒಳಗೆ ಬರಲೊಲ್ಲರು. ಕೊಟ್ಟಿಗೆಯಲ್ಲೇ ಚಾಪೆ ಹಾಸಿಕೊಂಡರು.

"ಸಗಣಿ ಸಾರಿಸದ ನೆಲದ ಮೇಲೆ ನಾನು ದೀಪ ಹಚ್ಚಲ್ಲ ಕಣಪ್ಪಾ."

"ಸಿಮೆಂಟಿಗೆ ಸಗಣಿ ಬಳಿದ್ರೆ ಊರೋರು ನಗ್ತಾರೆ ಕಣವ್ವಾ!" ಎಂದರು ಗೋಪಾಲಪ್ಪ.

"ನಗ್ಲಿ ಬಿಡು. ನಾನು ಎಮ್ಮೆ ಜೊತೆ ಇರ್ತೀನಿ. ಅದು ನಿನ್ನಷ್ಟು ಮಾತಾಡಲ್ಲ."

ಗೋಪಾಲಪ್ಪ ಕಣ್ಣೊರೆಸಿಕೊಂಡರು. ನಾನು ಸಿಮೆಂಟು ಬಿಗಿಯಲೆಂದು ನೆಲದ ಮೇಲೆ ನೀರು ನಿಲ್ಲಿಸಿ, ನಡುಮನೆಗಿದ್ದ ಒಂದೇ ಬಾಗಿಲಿಗೆ ಬೀಗ ಹಾಕಿ, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಬೆಳಿಗ್ಗೆ ಬೀಗ ತೆಗೆದರೆ ಹಸಿ ಸಗಣಿಯ ವಾಸನೆ. ನೀರೆಲ್ಲ ಆರಿತ್ತು. ಅಂಗಾಲಿಗೆ ನೆಲ ಬೆಚ್ಚಗೆ ತಾಗಿತು. ಕಲ್ಲಿನಂತೆ ಗಟ್ಟಿಯಾದ ಸಿಮೆಂಟಿನೊಳಗೆ, ನುಣುಪು ಒಂದಿಷ್ಟೂ ಕೆಡದಂತೆ, ಕೈಯಲ್ಲಿ ಸಾರಿಸಿದ ಅರ್ಧಚಂದ್ರದ ಗೆರೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಇಷ್ಟು ವರ್ಷ ಕರಣೆ ಹಿಡಿದರೂ ನನಗೆ ಅಂಥ ಕೈ ಬಂದಿಲ್ಲ.

ಅಮ್ಮಯಮ್ಮ ಹೊಸ್ತಿಲಲ್ಲಿ ನಿಂತು ನೋಡಿದರು. "ಯಾರವ್ವಾ ಇದು, ಏನ್ ಚೆಂದ ಸಾರಿಸವ್ಳೆ!" ಎಂದು ಒಳಗೆ ಬಂದು ದೀಪ ಹಚ್ಚಿದರು. ಗೋಪಾಲಪ್ಪ ಸಂತೋಷದಿಂದ ನನ್ನ ಕೈ ಹಿಡಿದುಕೊಂಡರು.

ನಾನು ಗೆರೆಗಳನ್ನೇ ನೋಡುತ್ತಿದ್ದೆ. ನೆಲ ಸಾರಿಸುವವರು ಒಳಗಿನಿಂದ ಹಿಂದೆ ಸರಿಯುತ್ತ ಬಾಗಿಲಿಗೆ ಬಂದು ಮುಗಿಸುತ್ತಾರೆ. ಈ ಗೆರೆಗಳು ಬಾಗಿಲಲ್ಲಿ ಶುರುವಾಗಿ ಒಳಮೂಲೆಗೆ ಹೋಗಿದ್ದವು. ಅಲ್ಲಿ, ಒಬ್ಬರು ಕುಕ್ಕರುಗಾಲಲ್ಲಿ ಕೂರುವಷ್ಟು ಜಾಗದಲ್ಲಿ ಗೆರೆಯೇ ಇರಲಿಲ್ಲ.