ಪಾಸ್‌ವರ್ಡ್ ಕೇಳುವ ಫೋನು

ಬೆಳಿಗ್ಗೆ ಒಂಬತ್ತಕ್ಕೆ ಮೂಡಲಗಿಯಿಂದ ಫೋನ್ ಬಾರದೆ ಲಕ್ಷ್ಮಣನಿಗೆ ದಿನ ಶುರುವಾಗುತ್ತಲೇ ಇರಲಿಲ್ಲ.

ಅವನು ಗೋಕಾಕದ ರಕ್ತ ತಪಾಸಣೆ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಮೂಡಲಗಿ, ಹುಕ್ಕೇರಿ ಶಾಖೆಗಳ ರಿಪೋರ್ಟು ದಿನಾ ಅವನ ಮಶೀನಿಗೆ ಬರಬೇಕು. ಅದಕ್ಕೊಂದು ಪಾಸ್‌ವರ್ಡ್. ದಿನಾ ಬದಲಾಗಬೇಕು, ಎಲ್ಲೂ ಬರೆಯಬಾರದು, ಫೋನಿನಲ್ಲೇ ಹೇಳಬೇಕು ಎಂಬುದು ಮಾಲೀಕ ಭೀಮರಾಯರ ಕಟ್ಟಪ್ಪಣೆ. ಹುಕ್ಕೇರಿಯ ಸಿದ್ರಾಯ ಅರ್ಧ ನಿಮಿಷದಲ್ಲಿ ಕೇಳಿ ಇಟ್ಟುಬಿಡುತ್ತಿದ್ದ. ಮೂಡಲಗಿಯ ದ್ರಾಕ್ಷಾಯಿಣಿ ಹಾಗಲ್ಲ.

"ಇವತ್ತೇನ್ರಿ?"

"ಕರದಂಟು."

"ಬರೇ ಹೆಸರ್ ಹೇಳ್ತೀರಿ. ಒಂದಿನಾನೂ ತಿನ್ಸಿಲ್ಲ."

"ಗೋಕಾಕಕ್ಕ ಬರ್ರಿ."

"ಕರದವರ್ ಯಾರ್ರಿ?"

ಅಷ್ಟಕ್ಕೇ ಅವನ ಕಿವಿ ಬೆಚ್ಚಗಾಗುತ್ತಿತ್ತು. ಎರಡು ವರ್ಷದಲ್ಲಿ ಅವಳ ಮುಖ ನೋಡಿದ್ದು ಒಮ್ಮೆ ಮಾತ್ರ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಉಂಡು ಒಬ್ಬನೇ ಮಲಗುವವನಿಗೆ ಇಡೀ ದಿನಕ್ಕೆ ಆ ನಾಲ್ಕು ಮಾತೇ ಸಾಕು. ಸಾಕೆಂಬುದು ಸುಳ್ಳು. ಸಾಲುತ್ತಿರಲಿಲ್ಲ.

ಹೋದ ವಾರ ಭೀಮರಾಯರು, "ಪಾಸ್‌ವರ್ಡ್ ಇಲ್ಲದಂಗ ಮಾಡಾಕ ಬರ್ತೈತಂತಲ್ಲೋ, ಮಾಡಿಬಿಡು" ಎಂದರು. ಬರುತ್ತದೆಂದು ಲಕ್ಷ್ಮಣನಿಗೆ ಎಂದೋ ಗೊತ್ತಿತ್ತು. ಹೇಳಿರಲಿಲ್ಲ, ಅಷ್ಟೇ.

ಹುಕ್ಕೇರಿಯದು ಅಂದೇ ಮುಗಿಯಿತು. ಮೂಡಲಗಿಯದನ್ನು ಇವತ್ತು ನಾಳೆ ಎಂದು ಐದು ದಿನ ಎಳೆದ. ಕೊನೆಗೆ ಅವಳ ಫೋನ್ ಬಂದಾಗ ಅವನೇ ಹೇಳಿಕೊಟ್ಟ. ಪಾಸ್‌ವರ್ಡ್ ಬದಲಿಗೆ ಅವಳ ಮಶೀನು ಎರಡು ಕೀಲಿ, ಅಂದರೆ ಉದ್ದನೆಯ ಎರಡು ಅಕ್ಷರಸಾಲು, ಮಾಡುತ್ತದೆ. ಗುಟ್ಟಿನದು ಅಲ್ಲೇ ಉಳಿಯಬೇಕು, ಇನ್ನೊಂದನ್ನು ಅವನಿಗೆ ಕಳಿಸಬೇಕು. ಅವಳು ಗುಟ್ಟಿನದನ್ನೇ ಕಳಿಸಿದಳು.

"ಅದನ್ನ ಯಾರಿಗೂ ಕೊಡಬಾರದ್ರಿ. ಅಳಿಸಿ, ಮತ್ತ ಹೊಸಾವು ಮಾಡ್ರಿ."

"ನಿಮಗೂ ಕೊಡಬಾರದೇನ್ರಿ?"

"ನನಗೂ."

"ಆತ್ ಬಿಡ್ರಿ." ಅವಳ ದನಿ ಇಳಿದಿತ್ತು.

ಹೊಸ ಕೀಲಿ ಬಂದಾಗ ಭೀಮರಾಯರು ಪಕ್ಕದಲ್ಲೇ ನಿಂತಿದ್ದರು. ಲಕ್ಷ್ಮಣ ಸರಿಯಾಗಿ ನೋಡದೆಯೇ ಅದನ್ನು ತನ್ನ ಮಶೀನಿಗೆ ಸೇರಿಸಿದ.

ಮರುದಿನ ಒಂಬತ್ತಕ್ಕೆ ರಿಪೋರ್ಟುಗಳು ತಾವಾಗಿಯೇ ಬಂದವು. ಫೋನು ಸುಮ್ಮನಿತ್ತು. ಒಂಬತ್ತೂವರೆಯಾಯಿತು, ಹತ್ತಾಯಿತು, ಚಹಾ ಆರಿತು. ಇಷ್ಟು ಒಂಟಿತನ ಅವನ ಕೋಣೆಯಲ್ಲೂ ಇರಲಿಲ್ಲ. ಏನೂ ತೋಚದೆ ಕೀಲಿಗಳ ಫೈಲು ತೆರೆದ. ಪ್ರತಿ ಕೀಲಿಯ ಕೊನೆಗೆ ಅದು ಯಾವ ಮಶೀನಿನದೆಂದು ಗುರುತಿಗೆ ಬರೆಯುವುದು ರೂಢಿ. ಸಿದ್ರಾಯ 'ಹುಕ್ಕೇರಿ ಲ್ಯಾಬ್' ಎಂದು ಬರೆದಿದ್ದ. ದ್ರಾಕ್ಷಾಯಿಣಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಳು: 'ನಾಳಿಂದ ಯಾರಿಗೆ ಫೋನ್ ಮಾಡ್ಲಿ'.

ಎರಡು ವರ್ಷದಲ್ಲಿ ಮೊದಲ ಸಲ ಲಕ್ಷ್ಮಣನೇ ಫೋನ್ ಹಚ್ಚಿದ.

"ಯಾಕ್ರಿ, ರಿಪೋರ್ಟ್ ಬಂದಿಲ್ಲೇನ್ರಿ?"

"ಬಂದಾವ್ರಿ. ನಿಮ್ಮ ಫೋನ್ ಬರ್ಲಿಲ್ಲ."

ಆ ಕಡೆಯಿಂದ ಮೂಗು ಎಳೆದ ಸದ್ದಷ್ಟೇ ಕೇಳಿಸಿತು.

"ಇವತ್ತಿನ ಪಾಸ್‌ವರ್ಡ್ ಏನ್ರಿ?"

"ಇನ್ನ ಅದು ಬೇಕಾಗಿಲ್ಲಲ್ರಿ."

"ನನಗ ಬೇಕ್ರಿ."

"ಕರದಂಟು," ಎಂದ ಲಕ್ಷ್ಮಣ. "ಐತವಾರ ಮೂಡಲಗಿಗೆ ತಗೊಂಡ್ ಬರ್ತೇನಿ. ಕರೀತೀರೇನ್ರಿ?"

"ಬರ್ರಿ."