ದೀಪದ ಹೊತ್ತಿಗೆ ನಿಲ್ಲುವ ಹಾಡು

"ನಾರಾಯಣಮ್ಮ, ನನ್ನ ಗಂಡನ ಬಾಯಿ ಯಾರೋ ಕಟ್ಟವ್ರೆ!"

ಜಗಲಿ ಹತ್ತುವ ಮೊದಲೇ ವೆಂಕಟಲಕ್ಷ್ಮಮ್ಮ ಕೂಗಿದ ಮಾತಿಗೆ ಬಸಪ್ಪನ ಕೈಯಲ್ಲಿದ್ದ ಕಾಫಿ ಲೋಟ ತುಳುಕಿತು. ಆಕೆಯ ಗಂಡ ಕುಪ್ಪಸ್ವಾಮಿ ತೀರಿಕೊಂಡು ಎರಡು ವರ್ಷವಾಗಿತ್ತು. ಸತ್ತವನ ಬಾಯಿ ಕಟ್ಟಿ ಯಾರಿಗೇನು ಲಾಭ ಎಂದು ಕೇಳಹೊರಟ ಬಸಪ್ಪ, ನಾರಾಯಣಮ್ಮನವರ ಒಂದು ನೋಟಕ್ಕೆ ಸುಮ್ಮನಾದ.

ನಾರಾಯಣಮ್ಮ ಮೂವತ್ತು ವರ್ಷ ಮೆಟ್ಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಮಾತನ್ನೆಲ್ಲ ತಂತಿಯಿಂದ ತಂತಿಗೆ ಜೋಡಿಸಿದವರು. ನಿವೃತ್ತರಾಗಿ ಮೇಚೇರಿ ಪಕ್ಕದ, ಮನೆಯಲ್ಲಿ ಕನ್ನಡ ಸಂತೆಯಲ್ಲಿ ತಮಿಳು ಆಡುವ ಹಳ್ಳಿಗೆ ಬಂದ ಮೇಲೆ, ಕಾಣೆಯಾದ ಕುರಿಯಿಂದ ಹಿಡಿದು ಕಾಣೆಯಾದ ಮದುಮಗನವರೆಗೆ ಎಲ್ಲವನ್ನೂ ಹುಡುಕಿಕೊಟ್ಟಿದ್ದರು. ಬಸಪ್ಪ ಹಳೆಯ ಬಸ್ ಕಂಡಕ್ಟರ್. ಹೆಂಡತಿ ಹೋದಮೇಲೆ ಮನೆಯ ಮೌನ ತಾಳಲಾರದೆ ಬೆಳಗಾದರೆ ಈ ಜಗಲಿಗೆ ಬರುತ್ತಿದ್ದ. ಪತ್ತೆ ಮಾಡುವುದು ಅವರು, ಬಾಯಿ ಬಿಟ್ಟು ನೋಡುವುದು ಇವನು. ಹೀಗೇ ಏಳು ವರ್ಷ ನಡೆದಿತ್ತು.

"ಕೂತ್ಕೋ. ಮೊದಲಿಂದ ಹೇಳು," ಎಂದರು ನಾರಾಯಣಮ್ಮ.

ಕತೆ ಇಷ್ಟು. ಕುಪ್ಪಸ್ವಾಮಿ ಕುರಿ ಕಾಯುತ್ತ ಹಾಡುತ್ತಿದ್ದವನು. ಸಾಯುವ ವರ್ಷ ಯಾವುದೋ ಕಾಲೇಜಿನವರು ಬಂದು ಅವನ ಹಾಡನ್ನು ವಿಡಿಯೋ ಮಾಡಿಕೊಂಡು ಇಂಟರ್ನೆಟ್ಟಿಗೆ ಹಾಕಿದ್ದರು. ಅದು ಇದೆಯೆಂಬುದೇ ಮನೆಯವರಿಗೆ ತಿಳಿದದ್ದು ಮೂರು ವಾರದ ಹಿಂದೆ, ಮೇಚೇರಿ ಸಂತೆಯಲ್ಲಿ ನೆಂಟಳೊಬ್ಬಳು ಹೇಳಿದಾಗ.

"ಕೊನೇಲಿ ನನ್ನ ಎಸ್ರು ಹೇಳ್ತಾರಂತೆ, ಅಮ್ಮಾ." ವೆಂಕಟಲಕ್ಷ್ಮಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. "ನಲವತ್ತೊಂದು ವರ್ಸ ಸಂಸಾರ ಮಾಡಿದೀನಿ. 'ಇವ್ಳೇ', 'ಏ ಇಲ್ನೋಡು' ಅಂತ ಕರೆದ್ರೇ ಒರ್ತು ಒಂದ್ ದಿನ ಎಸ್ರು ಇಡೀಲಿಲ್ಲ. ಆ ಬಾಯಲ್ಲಿ ಅದೆಂಗೆ ಬತ್ತದೋ ಒಂದ್ಸಲ ಕೇಳ್ಬೇಕು. ಅಷ್ಟೇ ನನ್ನಾಸೆ. ಆದ್ರೆ ದಿನಾ ಅರ್ಧಕ್ಕೇ ನಿಂತೋಗ್ತದೆ. ಚಕ್ರ ಸುತ್ತುತಾ ಕೂತ್ಕೋತದೆ."

ಹೊರಊರಲ್ಲಿ ದುಡಿಯುವ ಮಗ ಗಿರಿ ಟೀವಿಯ ಹಿಂದೆ ಸಿಕ್ಕಿಸುವ ಕಡ್ಡಿಯೊಂದನ್ನು ತಂದುಕೊಟ್ಟು ಹೋಗಿದ್ದ. ಮನೆಯ ವೈಫೈ ಅದಕ್ಕೆ ಸಿಕ್ಕರೆ ಬೇಕಾದ ವಿಡಿಯೋ ಟೀವಿಯಲ್ಲಿ ಮೂಡುತ್ತಿತ್ತು.

"ಸೊಸೆ ಫೋನಲ್ಲೇ ನೋಡಬೋದಲ್ಲಮ್ಮ," ಎಂದ ಬಸಪ್ಪ.

"ಅಂಗೈಯೊಳಗೆ ಇರುವೆ ಅಂಗೆ ಕಾಣ್ತದಲ್ಲ, ಅದಾ ನನ್ನ ಗಂಡ? ಅವ್ರು ಕುರಿ ಒಡ್ಕೊಂಡು ಬರ್ತಿದ್ದಿದ್ದು ದೀಪ ಅಚ್ಚೋ ಒತ್ತಿಗೆ. ಆ ಒತ್ತಿಗೇ ಬರ್ಬೇಕು." ಆಮೇಲೆ ದನಿ ತಗ್ಗಿಸಿದಳು. "ಇದು ಸೊಸೆ ಕೆಲ್ಸಾನೇ. ನಾನು ಟೀವಿ ಆಕಿದ್ ಒತ್ತಿಗೆ ಅವ್ಳು ಅಂಗಳದಲ್ಲಿ ಫೋನ್ ಇಡ್ಕೊಂಡು ಕೂತಿರ್ತಾಳೆ. ನೆನ್ನೆ ಮಕದ ಮೇಲೇ ಅಂದ್ಬಿಟ್ಟೆ. ನಾಳೆ ಮೊರಪ್ಪೂರಿಗೆ ಒಂಟೋಗ್ತಾಳಂತೆ, ತವರಿಗೆ."

ನಾರಾಯಣಮ್ಮ ಚಪ್ಪಲಿ ಮೆಟ್ಟಿಕೊಂಡರು.

ಮನೆ ಎರಡು ಕಾಲದ್ದು. ಮುಂದೆ ಹೊಸದಾಗಿ ಕಟ್ಟಿದ ಹಾಲು, ಅದರ ಮೇಲೊಂದು ರೂಮು. ಹಿಂದೆ ಮೊಳದಪ್ಪ ಮಣ್ಣುಗೋಡೆಯ ಹಳೆಯ ನಡುಮನೆ. ಟೀವಿ ಇದ್ದದ್ದು ಹಾಲಿನಲ್ಲಿ. ಮಧ್ಯಾಹ್ನ ಮೂರು ಗಂಟೆ. ನಾರಾಯಣಮ್ಮ ಟೀವಿ ಹಾಕಿಸಿ, ವೈಫೈ ಬಲ ತೋರಿಸುವ ಗೆರೆಗಳನ್ನು ನೋಡಿದರು. ನಾಲ್ಕರಲ್ಲಿ ಎರಡಿತ್ತು. ಯಾವುದೋ ಅಡುಗೆ ವಿಡಿಯೋ ಹಾಕಿದರೆ ತಡವರಿಸುತ್ತಲೇ ಓಡಿತು.

ಸೊಸೆ ಜಯಪ್ರಿಯಾ ಬಾಗಿಲಲ್ಲಿ ನಿಂತಿದ್ದಳು. ಅತ್ತು ಕಣ್ಣು ಊದಿತ್ತು. ಅವಳ ಬೆನ್ನ ಹಿಂದೆ ಕಟ್ಟಿದ ಚೀಲ ಕಾಣುತ್ತಿತ್ತು.

"ನಾನು ಎದುವುಮೇ, ಏನೂ ಮಾಡಿಲ್ಲ ದೊಡ್ಡಮ್ಮ, ಸತ್ಯಮಾ," ಎಂದಳು ತಮಿಳು ಬೆರೆಸಿ. "ಅಂಗಳದಲ್ಲಿ ಅಮ್ಮನ ಅತ್ರ ಮಾತಾಡ್ತೀನಿ, ಅದೂ ಸಿಮ್ಮು ನೆಟ್ಟಲ್ಲಿ. ವೈಫೈ ಅಲ್ಲಿಗೆ ಬರೋದೇ ಇಲ್ಲ."

"ಈ ವೈಫೈ ಬೇರೆ ಯಾರಾದ್ರೂ ಬಳಸ್ತಾರಾ?"

ಪಕ್ಕದ ಮನೆಯ ಗೋವಿಂದರಾಜು ಕಾಂಪೌಂಡಿನಿಂದ ಕತ್ತು ಚಾಚಿಕೊಂಡೇ ಇದ್ದ. ಕೇಳುವ ಮೊದಲೇ ತಲೆ ತಗ್ಗಿಸಿದ. "ಪಾಸ್ವರ್ಡ್ ನನ್ನತ್ರ ಐತೆ, ಒಪ್ಕೋತೀನಿ. ಕ್ರಿಕೆಟ್ ನೋಡ್ತಿದ್ದೆ. ಆದ್ರೆ ಐದ್ ದಿನದಿಂದ ನನ್ ಫೋನು ರಿಪೇರಿಗೆ ಓಗಿ ಮೆಟ್ಟೂರಲ್ಲಿ ಕೂತೈತೆ."

"ಈ ಐದು ದಿನ ಹಾಡು ಪೂರಾ ಬಂತಾ?"

"ಎಲ್ಲಿ ಬಂತು?" ಎಂದಳು ವೆಂಕಟಲಕ್ಷ್ಮಮ್ಮ.

ಬಸಪ್ಪನಿಗೆ ನಿರಾಸೆಯಾಯಿತು. ಟಿಕೆಟ್ ಇಲ್ಲದವನ ಮುಖ ತನಗೆ ಗೊತ್ತಾಗುತ್ತದೆಂದು ಜಂಬಪಡುತ್ತಿದ್ದ ಅವನು ಗೋವಿಂದರಾಜುವನ್ನು ಆಗಲೇ ಮನಸ್ಸಿನಲ್ಲೇ ಬಸ್ಸಿನಿಂದ ಇಳಿಸಿಯಾಗಿತ್ತು.

"ವೈಫೈ ಪೆಟ್ಟಿಗೆ ಎಲ್ಲಿದೆ?"

ಅದು ನಡುಮನೆಯಲ್ಲಿತ್ತು, ಗೋಡೆಯೊಳಗಿನ ದೀಪದ ಮಾಡದಲ್ಲಿ. ತಲೆತಲಾಂತರದ ಎಣ್ಣೆ ಹೊಗೆಗೆ ಗೂಡಿನ ಒಳಗೆಲ್ಲ ಕಪ್ಪು. ಮುಂದೆ ಹಿತ್ತಾಳೆ ದೀಪ, ಹಿಂದೆ ಬಿಳಿ ಪೆಟ್ಟಿಗೆ. ಪೆಟ್ಟಿಗೆಯ ಹಣೆಗೆ ಕುಂಕುಮ ಬೇರೆ ಇಟ್ಟಿತ್ತು.

"ಮೊದಲು ಹಾಲಿನ ಕಿಟಕೀಲಿ ಇತ್ತು," ಎಂದಳು ಜಯಪ್ರಿಯಾ. "ಹೋದ ತಿಂಗಳು ಆಡಿನ ಮರಿ ಒಯರು ಕಚ್ಚಿಬಿಡ್ತು. ರಿಪೇರಿಯವನು ಉದ್ದ ಒಯರು ಆಕಿ, ಆಮೇಲೆ ಅತ್ತೆಗೆ ಫೋನ್ ಮಾಡಿ ಎಲ್ಲಿಡಬೇಕು ಅಂತ ಹೇಳ್ದ. ನಾನು ಆವಾಗ ಮನೇಲಿರಲಿಲ್ಲ."

"ಅವನು ಅಂದ ಮಾತು ಅಂಗಂಗೇ ಹೇಳು, ವೆಂಕಟಲಕ್ಷ್ಮಿ."

"ಪಾಟ್ಟಿ, ಪೆಟ್ಟಿಯೆ ಮಾಡಿಲ ವೈಯುಂಗ, ಅಂದ. ಅಂಗೇ ಇಟ್ಟೆ."

ನಾರಾಯಣಮ್ಮ ನಗಲಿಲ್ಲ. ಪೆಟ್ಟಿಗೆಯ ಮುಖದ ಮೇಲೆ ಬೆರಳಾಡಿಸಿದರು. ಬೆರಳು ಬೆಳ್ಳಗೇ ಇತ್ತು. ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿಸಿದ್ದ ಹಿತ್ತಾಳೆ ತಾಂಬಾಳವನ್ನು ತಿರುಗಿಸಿ ನೋಡಿ ಬಂದರು. "ನಾಳೆ ಬೇಡ, ಇವತ್ತೇ ಮುಗಿಸೋಣ. ದೀಪ ಹಚ್ಚೋ ಹೊತ್ತಿಗೆ ಎಲ್ಲರೂ ಇಲ್ಲೇ ಇರಿ. ಜಯಪ್ರಿಯಾ, ನೀನೂ."

ಸಂಜೆ ಕುರಿಗಳು ದೊಡ್ಡಿ ಸೇರಿದವು. ವೆಂಕಟಲಕ್ಷ್ಮಮ್ಮ ಕೈಕಾಲು ತೊಳೆದು ಬಂದು ದೀಪ ಹಚ್ಚಿ ಕೈಮುಗಿದಳು. ಬಳಿಕ ಹಾಲಿಗೆ ಬಂದು ಟೀವಿ ಹಾಕಿದಳು. ಪರದೆಯ ಮೇಲೆ ಕುಪ್ಪಸ್ವಾಮಿ ಮೂಡಿದ. ತಲೆಗೆ ಟವೆಲು, ಹೆಗಲಿಗೆ ಕೋಲು. ಎರಡು ಸಾಲು ಹಾಡಿದ, ಬಾಯಿ ತೆರೆದಂತೆಯೇ ನಿಂತ. ಚಕ್ರ ಸುತ್ತತೊಡಗಿತು. ಮುದುಕಿ ಪರದೆಯ ಹತ್ತಿರ ಹೋಗಿ ನಿಂತಳು.

"ಈಗ ಎಲ್ಲರೂ ನಡುಮನೆಗೆ ಬನ್ನಿ," ಎಂದರು ನಾರಾಯಣಮ್ಮ.

ಮಾಡದಲ್ಲಿ ದೀಪ ಉರಿಯುತ್ತಿತ್ತು. ದೀಪಕ್ಕೂ ಪೆಟ್ಟಿಗೆಗೂ ನಡುವೆ ತಾಂಬಾಳ ನೆಟ್ಟಗೆ ನಿಂತಿತ್ತು.

"ಹಾಡು ನಿಲ್ಲೋದು ದೀಪದ ಹೊತ್ತಿಗೆ ಮಾತ್ರ. ಗೋವಿಂದರಾಜು ಫೋನು ಊರಲ್ಲೇ ಇಲ್ಲ. ಜಯಪ್ರಿಯಾ ಫೋನು ಈ ವೈಫೈ ಮುಟ್ಟೋದೇ ಇಲ್ಲ. ಹಾಗಾದರೆ ಆ ಹೊತ್ತಲ್ಲಿ ಈ ಮನೇಲಿ ಬದಲಾಗೋದು ಏನು? ಗೂಡೆಲ್ಲ ಮಸಿ, ಒಳಗಿರೋ ಪೆಟ್ಟಿಗೆ ಮಾತ್ರ ಬೆಳ್ಳಗೆ. ಅಂದ್ರೆ ದೀಪ ಉರಿಯೋವಾಗ ಏನೋ ಅಡ್ಡ ನಿಂತಿರುತ್ತೆ. ತಾಂಬಾಳದ ಒಂದೇ ಬದಿಗೆ ಮಸಿ ಹಿಡಿದಿತ್ತು. ಮಣ್ಣುಗೋಡೆ ದಾಟೋಕೇ ಏದುಸಿರು ಬಿಡ್ತಿದ್ದ ವೈಫೈಗೆ ಎದುರಿಗೆ ಲೋಹದ ಬಾಗಿಲು ಹಾಕಿದ ಹಾಗಾಯ್ತು. ಇನ್ನು ಪೆಟ್ಟಿಗೆ ಗೂಡಿಗೆ ಬಂದದ್ದು ಯಾಕೆ? ರಿಪೇರಿಯವನು ತಮಿಳಲ್ಲಿ 'ಮಾಡಿ' ಅಂದ. ಮಾಡಿ ಅಂದ್ರೆ ಮಹಡಿ, ಮೇಲಿನ ರೂಮಲ್ಲಿ ಇಡಿ ಅಂತ. ಸಂತೆಯಲ್ಲಿ ತಮಿಳು ಕೇಳೋ ಕಿವಿ ಮನೆಯೊಳಗೆ ಕನ್ನಡ ಕೇಳ್ತು. 'ಮಾಡ' ಅಂತ ಕೇಳ್ತು."

ವೆಂಕಟಲಕ್ಷ್ಮಮ್ಮನ ಕೈ ಬಾಯಿಗೆ ಹೋಗಿತ್ತು.

"ನಾನೇ ಇಟ್ಟಿದ್ದು," ಎಂದಳು ಕೊನೆಗೆ. "ದೀಪದ ಕಾವು ತಾಗಿ ಸುಟ್ಟೋದ್ರೆ? ಅದ್ರೊಳಗೇ ಅಲ್ವಾ ಅವ್ರ ದನಿ ಇರೋದು? ದೀಪ ಆರಿದ್ಮೇಲೆ ತೆಗೀತಿದ್ದೆ. ಕಾಯ್ಕೋಬೇಕು ಅಂತಲೇ ಇಟ್ಟೆ ಕಣಮ್ಮಾ."

ಕಳ್ಳನನ್ನು ಹಿಡಿದ ಯಾವ ದಿನವೂ ಬಸಪ್ಪನಿಗೆ ಇಷ್ಟು ಸಂಕಟವಾದದ್ದಿಲ್ಲ.

ಮುದುಕಿ ಸೊಸೆಯ ಕಡೆ ತಿರುಗಿದಳು. "ತಪ್ಪಾಗೋಯ್ತು ಕಣೇ. ಆಡ್ಬಾರದ ಮಾತಾಡ್ದೆ."

"ಬಿಡಿ ಅತ್ತೆ," ಎಂದು ಜಯಪ್ರಿಯಾ ತಾಂಬಾಳ ತೆಗೆದಿಟ್ಟಳು. ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು, ವೈರಿನ ಸುರುಳಿ ಬಿಚ್ಚುತ್ತ ಬಿಚ್ಚುತ್ತ ಮಹಡಿ ಹತ್ತಿದಳು. "ಮಾಡ ದೀಪಕ್ಕೆ, ಮಾಡಿ ಪೆಟ್ಟಿಗೆಗೆ. ಸರಿಯಾ ಅತ್ತೆ?" ಎಂದು ಮೇಲಿಂದಲೇ ಕೂಗಿದಳು. ಗೆರೆ ನಾಲ್ಕಕ್ಕೆ ನಾಲ್ಕೂ ತುಂಬಿದವು.

ಕುಪ್ಪಸ್ವಾಮಿ ಹಾಡಿದ. ಹನ್ನೊಂದು ನಿಮಿಷ ಎಲ್ಲೂ ನಿಲ್ಲದೆ ಹಾಡಿದ. ಕೊನೆಗೆ ಯಾರೋ ಹುಡುಗಿಯ ದನಿ, ಇದನ್ನೆಲ್ಲ ಯಾರು ಕಲಿಸಿದರು ಎಂದು ಕೇಳಿತು. ಅವನು ಟವೆಲಿನಿಂದ ಮುಖ ಒರೆಸಿಕೊಂಡು, ಆಚೀಚೆ ನೋಡಿ, ನಾಚಿಕೊಂಡು ನಕ್ಕ.

"ನಮ್ಮನೇಲೊಬ್ಳು ಅವ್ಳೆ. ರಾಗಿ ಬೀಸ್ತಾ ಪದ ಆಡೋಳು. ಕದ್ದು ಕೇಳಿ ಕಲ್ತೆ. ವೆಂಕಟಲಕ್ಷ್ಮಿ ಅಂತ. ಬರ್ಕೊಳ್ಳಿ, ವೆಂಕಟಲಕ್ಷ್ಮಿ."

"ಆ..." ಎಂದು ಓಗೊಟ್ಟಳು ವೆಂಕಟಲಕ್ಷ್ಮಮ್ಮ. ಅಷ್ಟು ಮೆಲ್ಲಗೆ, ಅಷ್ಟು ಬೇಗ, ಅವನು ಹೊಸಿಲಲ್ಲೇ ನಿಂತು ಕರೆದಂತೆ. ಜಯಪ್ರಿಯಾ ಪಕ್ಕದಲ್ಲಿ ಕೂತು ಅತ್ತೆಯ ಕೈ ಹಿಡಿದುಕೊಂಡಳು. ಮೂಲೆಯಲ್ಲಿ ಚೀಲ ಕಟ್ಟಿದಂತೆಯೇ ಇತ್ತು. ಅದರ ನೆನಪು ಯಾರಿಗೂ ಇರಲಿಲ್ಲ.

ನಾರಾಯಣಮ್ಮನವರನ್ನು ಅವರ ಜಗಲಿಗೆ ಮುಟ್ಟಿಸಿ ಬಸಪ್ಪ ತನ್ನ ಮನೆಯ ಬೀಗ ತೆಗೆದ. ಇಪ್ಪತ್ತೆಂಟು ವರ್ಷ 'ಲೇ', 'ಇವಳೇ' ಎಂದೇ ಕರೆದು ಕಳಿಸಿಕೊಟ್ಟ ಹೆಂಡತಿಯ ಫೋಟೋದ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

"ಮುನಿಲಕ್ಷ್ಮೀ," ಎಂದ. ಹೆಸರು ಬಾಯಿಗೆ ಹೊಸದಾಗಿತ್ತು. ಸ್ವಲ್ಪ ಹೊತ್ತು ಕಾದ, ಓಗೊಡಬಹುದೇನೋ ಎಂಬಂತೆ. ಆಮೇಲೆ ಇನ್ನೊಂದು ಸಲ ಕರೆದ.