ಹಿಂದೂಪುರಕ್ಕೆ ಕಾಯಂ

"ನನ್ನ ಸೊಸೆ ವಾಪಸ್ ಬಂದ್ಬುಟ್ಲು ಕಣ್ರೇ! ಬನ್ರೇ, ಬಾಯಿ ಸಿಹಿ ಮಾಡ್ಕೊಳ್ರೇ!"

ಬಸ್ಸಿಳಿದು ಬೀದಿಗೆ ತಿರುಗಿದ ರಮಾದೇವಿಯ ಕಿವಿಗೆ ಮೊದಲು ಬಿದ್ದದ್ದು ಅತ್ತೆ ಕೊಂಡಮ್ಮನ ಈ ಕೂಗು. ಕಲ್ಯಾಣದುರ್ಗದ ಆ ಬೀದಿಯ ಒಂದು ಮನೆಯನ್ನೂ ಬಿಡದೆ ಕೊಂಡಮ್ಮ ಸಕ್ಕರೆ ಹಂಚಿದ್ದಳು. ಬಾಗಿಲಿಗೆ ಮಾವಿನ ತೋರಣ, ಒಳಗಿನಿಂದ ಒಬ್ಬಟ್ಟಿನ ಘಮ... ಆರು ವರ್ಷದ ಮಗಳು ಹಾಸಿನಿ ಹೊಸ ಲಂಗ ಹಾಕಿಕೊಂಡು ಓಡಿಬಂದು ಅವಳ ಬ್ಯಾಗಿಗೇ ಜೋತುಬಿದ್ದಳು.

"ಅಮ್ಮಾ, ಸೋಮವಾರ ನೀನು ಬಸ್ಸು ಹತ್ತಲ್ಲ ಅಲ್ವಾ? ಅವ್ವ ಹೇಳ್ತು!"

ಹಾಸಿನಿಗೆ ಅವ್ವ ಎಂದರೆ ಅಜ್ಜಿ ಕೊಂಡಮ್ಮ. ರಮಾದೇವಿ ಬ್ಯಾಗನ್ನು ಅಲ್ಲೇ ಇಳಿಸಿದಳು. ಅಯ್ಯೋ, ಇದೇನಾಗಿ ಹೋಯಿತು!

ಎದುರುಮನೆಯ ಪೋಲಮ್ಮ ಬೇರೆ ಸಕ್ಕರೆ ಚಪ್ಪರಿಸುತ್ತ ಬಂದು ಕೆನ್ನೆ ಸವರಿದಳು. "ಏಮ್ಮಾ, ಆರ್ಡರ್ ವಚ್ಚಿಂದಂಟ ಕದಾ! ಬಂದೇಬಿಡ್ತಂತಲ್ಲ ಆರ್ಡರು! ಮೂರು ವರ್ಷ ನಿಮ್ಮತ್ತೆ ಕಾಯದ ದಿನ ಇಲ್ಲ ಕಣಮ್ಮ."

ಆರ್ಡರ್ ಬಂದದ್ದೇನೋ ನಿಜ. ಕಲ್ಯಾಣದುರ್ಗದ ಕಛೇರಿಯಲ್ಲಿ ಕ್ಲರ್ಕಾಗಿದ್ದ ರಮಾದೇವಿಯನ್ನು ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಗೆ ಡೆಪ್ಯುಟೇಶನ್ ಮೇಲೆ ಕಳಿಸಿದಾಗ 'ಒಂದು ವರ್ಷ ಅಷ್ಟೇ' ಎಂದಿದ್ದರು. ಅದು ಎರಡಾಯಿತು, ಮೂರಾಯಿತು. ಇಂದೋ ನಾಳೆಯೋ ವಾಪಸು ಕರೆಯುತ್ತಾರೆ ಎಂದು ಮಗುವನ್ನು ಅತ್ತೆಯ ಬಳಿಯೇ ಬಿಟ್ಟು, ತಾನೊಂದು ಕೋಣೆ ಹಿಡಿದು, ಶನಿವಾರ ಬಂದು ಸೋಮವಾರ ನಸುಕಿಗೆ ಬಸ್ಸು ಹತ್ತುತ್ತಿದ್ದಳು. ಈಗ ಬಂದ ಆರ್ಡರ್ ಅವಳನ್ನು ಅಲ್ಲಿನ ರೇಷ್ಮೆ ಇಲಾಖೆಗೇ ಕಾಯಂ ಆಗಿ ವಿಲೀನ ಮಾಡಿತ್ತು. ಅದೂ ಅವಳೇ ಒಪ್ಪಿಗೆ ಬರೆದುಕೊಟ್ಟ ಮೇಲೆ! ಲಾರಿಯಲ್ಲಿ ಹುಣಿಸೆಹಣ್ಣಿನ ಲೋಡು ಹೊಡೆಯುತ್ತ ಊರೂರು ತಿರುಗುವ ಗಂಡ ಅಂಬರೀಶನಿಗೆ ವಿಷಯವೆಲ್ಲ ಗೊತ್ತಿತ್ತು. ಆದರೆ ಆ ಪುಣ್ಯಾತ್ಮ ತಾಯಿಗೆ ಫೋನಿನಲ್ಲಿ "ಆರ್ಡರ್ ಬಂತಂತೆ ಕಣಮ್ಮ" ಎಂದಷ್ಟೇ ಹೇಳಿ ಜಾರಿಕೊಂಡಿದ್ದ. ಕೊಂಡಮ್ಮನಿಗೆ ಗೊತ್ತಿದ್ದದ್ದು ಒಂದೇ ಆರ್ಡರು, ಸೊಸೆ ಮನೆಗೆ ಬರುವ ಆರ್ಡರು. ಪಾಪ, ಅವಳದೇನು ತಪ್ಪು?

ಒಬ್ಬಟ್ಟಿನ ಎಲೆಯ ಮುಂದೆ ಕೂತಾಗ ರಮಾದೇವಿಗೆ ತುತ್ತು ಇಳಿಯಲಿಲ್ಲ.

"ಅತ್ತೆ... ನಾನು ವಾಪಸ್ ಬರ್ಲಿಲ್ಲ. ಅಲ್ಲೇ ಕಾಯಂ ಮಾಡವ್ರೆ."

ಕೊಂಡಮ್ಮನ ಕೈಯ ತುಪ್ಪದ ಚಮಚ ಅಲ್ಲೇ ನಿಂತಿತು.

"ಯಾರ್ನ ಕೇಳಿ ಮಾಡಿದ್ರು?"

"ನನ್ನೇ ಕೇಳಿದ್ರು. ಒಪ್ಕೊಂಡೆ."

"ಒಪ್ಕೊಂಡ್ಯಾ! ಬೀದಿಗೆಲ್ಲ ಸಕ್ಕರೆ ಹಂಚಿ ಬಂದೆನಲ್ಲೇ ನಾನು! ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

"ಕೇಳಿದ್ರೆ ನೀವು ಬ್ಯಾಡ ಅಂತಿದ್ರಿ. ವಾಪಸ್ ಬಂದ್ರೂ ಇದೇ ಊರಲ್ಲಿ ಇಡ್ತಾರೆ ಅಂತ ಏನು ಗ್ಯಾರಂಟಿ ಅತ್ತೆ? ನಾಳೆ ಇನ್ನೊಂದು ಊರಿಗೆ ಎತ್ತಾಕ್ತಾರೆ. ಅಲ್ಲಾದ್ರೆ ಒಂದು ಕಡೆ ಬೇರು ಬಿಟ್ಟಂಗಾಯ್ತದೆ. ಹಳೇ ಸೀನಿಯಾರಿಟಿ ಹೋಯ್ತದೆ, ನನ್ನ ಹಿಂದೆ ಸೇರಿದೋರಿಗೆ ನಾನೇ ಮೇಡಂ ಅನ್ಬೇಕು. ಅಂತೀನಿ ಬಿಡಿ! ನಾನು... ನಾನು ಹಾಸಿನೀನ ಕರ್ಕೊಂಡು ಹೋಯ್ತೀನಿ."

ಅಷ್ಟು ಸಾಕಾಯಿತು. ಕೊಂಡಮ್ಮ ಎದ್ದು ನಿಂತಳು.

"ಕರ್ಕೊಂಡು ಹೋಯ್ತೀಯಾ? ಎಷ್ಟು ಸಲೀಸಾಗಿ ಅಂದ್ಬುಟ್ಟೆ! ಜ್ವರ ಬಂದಾಗ ಹೆಗಲ ಮೇಲೆ ಹಾಕ್ಕೊಂಡು ತಿರುಗ್ದೋಳು ನಾನು! ಮೊದಲನೇ ಹಲ್ಲು ಬಿದ್ದಾಗ ಸೂರಿನ ಮೇಲೆ ಎಸೆದೋಳು ನಾನು! ನಿದ್ದೇಲಿ ಅದು ಯಾವ ಮಗ್ಗುಲಿಗೆ ಹೊರಳ್ತದೆ ಅಂತಾದ್ರೂ ಗೊತ್ತೇನೇ ನಿಂಗೆ?"

ರಮಾದೇವಿ ತಲೆ ಎತ್ತಿದಳು. ಕೆನ್ನೆಯ ಮೇಲೆ ಧಾರಾಕಾರ ನೀರು...

"ಗೊತ್ತಿಲ್ಲ ಅತ್ತೆ. ಗೊತ್ತಿಲ್ಲ... ಅದಕ್ಕೇ ಸೈನ್ ಹಾಕ್ದೆ."

ಕೊಂಡಮ್ಮ ಸೊಸೆಯ ಎಲೆಗೆ ತುಪ್ಪ ಬಡಿಸಿ ಒಳಗೆ ಹೋದಳು. ಮರುದಿನ ಬೆಳಿಗ್ಗೆ ನೋಡಿದರೆ ಮಗುವಿನ ಬಟ್ಟೆಗಳ ಜೊತೆ ತನ್ನ ಸೀರೆಗಳನ್ನೂ ಮಡಿಚಿ ಇಟ್ಟಿದ್ದಳು. ಹಿರಿಮಗ ರಾಜೇಶ್, "ಇದೇನಮ್ಮಾ, ನೀನೆಲ್ಲಿಗೆ?" ಎಂದದ್ದಕ್ಕೆ ಮೂತಿ ತಿರುವಿದಳು.

"ನಾನೂ ಡೆಪ್ಯುಟೇಶನ್ ಮೇಲೆ ಹೋಯ್ತೀನಿ ಕಣ್ಲಾ! ಮಗು ಒಗ್ಗಿಕೊಳ್ಳೋಗಂಟ. ಆಮೇಲೆ ನನ್ನ ಮನೆ ನಂಗೆ, ಅವಳ ಮನೆ ಅವಳಿಗೆ."

ಹಿಂದೂಪುರದಲ್ಲಿ ಬಾಡಿಗೆಗೆ ಎರಡು ಕೋಣೆಯ ಮನೆ ಸಿಕ್ಕಿತು, ಮಗುವಿಗೆ ಶಾಲೆಯೂ ಸಿಕ್ಕಿತು. ಸಿಗದೆ ಹೋದದ್ದು ಮಗು ಮಾತ್ರ! ಹಾಸಿನಿ ಉಣ್ಣುವುದು ಅವ್ವನ ಕೈಯಲ್ಲಿ, ಜಡೆ ಹಾಕಿಸಿಕೊಳ್ಳುವುದು ಅವ್ವನ ಹತ್ತಿರ, ಮಲಗುವುದು ಅವ್ವನ ಸೆರಗಿನಲ್ಲಿ. ಸಂಜೆ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬಂದ ರಮಾದೇವಿ ಎತ್ತಿಕೊಳ್ಳಲು ಹೋದರೆ, "ಛೀ, ಗೂಡಿನ ವಾಸ್ನೆ!" ಎಂದು ಮೂಗು ಮುಚ್ಚಿಕೊಂಡು ಓಡುತ್ತಿದ್ದಳು. ರಮಾದೇವಿ ನಗುತ್ತಿದ್ದಳು. ಆಮೇಲೆ ಬಚ್ಚಲಿಗೆ ಹೋಗಿ ಮೈಗೆ ಸೋಪು ತಿಕ್ಕಿಯೇ ತಿಕ್ಕುತ್ತಿದ್ದಳು. ಕೊಂಡಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಗೆದ್ದೆ ಎಂದು ಹಿಗ್ಗಬೇಕಿತ್ತು, ಅಲ್ಲವೇ? ಆದರೆ ಬಚ್ಚಲಿನ ನೀರಿನ ಸದ್ದು ಕೇಳಿದಾಗಲೆಲ್ಲ ಆ ಮುದಿಜೀವ ಕೈಯಲ್ಲಿದ್ದ ಕೆಲಸ ಬಿಟ್ಟು ಬಚ್ಚಲ ಬಾಗಿಲನ್ನೇ ನೋಡುತ್ತಿತ್ತು.

ಒಂದು ಸಂಜೆ ಕೊಂಡಮ್ಮ ಅಡುಗೆಮನೆಯ ಹೊಸಿಲ ಬಳಿ ಕೂತು ಸಾರಿಗೆ ಹುಣಿಸೆಹಣ್ಣು ನೆನೆಹಾಕಿದ್ದಳು. ರಮಾದೇವಿ ಆಗತಾನೇ ಬಂದು ಚಪ್ಪಲಿ ಬಿಡುತ್ತಿದ್ದಳು. ಹೊರಗೆ ಧೊಪ್ಪನೆ ಸದ್ದು, ಹಿಂದೆಯೇ ಕಿರುಚು! ಬೀದಿಯಲ್ಲಿ ಆಡುತ್ತಿದ್ದ ಹಾಸಿನಿ ಬಿದ್ದು ಮಂಡಿ ಒಡೆದುಕೊಂಡು, ಅಳುತ್ತ ಒಳಗೆ ಓಡಿಬಂದಳು. ತೋಳು ಚಾಚಿ ನಿಂತ ತಾಯಿಯನ್ನು ದಾಟಿ ನೇರ ಅವ್ವನ ಕಡೆಗೆ ಬಂದಳು.

ಕೊಂಡಮ್ಮನ ಕೈಗಳೂ ತಾವಾಗಿಯೇ ಮುಂದೆ ಚಾಚಿದವು. ಒಣಗಿದ, ಖಾಲಿ ಕೈಗಳು... ಮೊಮ್ಮಗಳ ಹಿಂದೆ ನಿಂತಿದ್ದ ಸೊಸೆಯ ಮುಖ ಅವಳ ಕಣ್ಣಿಗೆ ಬಿತ್ತು. ಮರುಕ್ಷಣವೇ ಎರಡೂ ಕೈಗಳನ್ನು ಹುಣಿಸೆಹಣ್ಣಿನ ಬಟ್ಟಲಿಗೆ ಅದ್ದಿಬಿಟ್ಟಳು!

"ಅಯ್ಯಯ್ಯೋ, ನನ್ನ ಮುಟ್ಬ್ಯಾಡ ಕಣವ್ವಾ! ಹುಳಿ ಕೈ, ಗಾಯಕ್ಕೆ ಉರೀತದೆ! ನಿಮ್ಮಮ್ಮನತ್ರ ಹೋಗು... ಹೋಗು ನನ್ನ ಕಂದಾ, ನಿಮ್ಮಮ್ಮನತ್ರ ಹೋಗು!"

ಹಾಸಿನಿ ಕ್ಷಣಕಾಲ ತಬ್ಬಿಬ್ಬಾಗಿ ನಿಂತಳು. ಬಿಕ್ಕುತ್ತ ಹಿಂದಿರುಗಿ ನೋಡಿದಳು. ರಮಾದೇವಿ ನೆಲಕ್ಕೆ ಕುಸಿದು ಕೂತು ತೋಳು ಅಗಲಿಸಿದಳು. ಮಗು ಹೋಗಿ ಅವಳ ಮಡಿಲಿಗೆ ಬಿತ್ತು. ಗೂಡಿನ ವಾಸನೆಯ ಆ ಸೀರೆಯಲ್ಲೇ ಮುಖ ಹುದುಗಿಸಿ ಜೋರಾಗಿ ಅತ್ತಿತು.

"ಅತ್ತೇ..." ಎಂದಳು ರಮಾದೇವಿ. ಅವಳು ಎಲ್ಲವನ್ನೂ ನೋಡಿದ್ದಳು.

"ಮೊದ್ಲು ಗಾಯಕ್ಕೆ ಅರಿಶಿನ ಹಚ್ಚಮ್ಮ," ಎಂದಳು ಕೊಂಡಮ್ಮ, ತಲೆ ಎತ್ತದೆ. "ನಾಳೆ ಬಸ್ಸಿಗೆ ನಾನು ಊರಿಗೆ ಹೋಯ್ತೀನಿ."

ಸಾರಿಗೆ ಬೇಕಾದಷ್ಟು ರಸ ಆಗಲೇ ಬಿಟ್ಟಿತ್ತು. ಆದರೂ ಮಗುವಿನ ಅಳು ತಾಯಿಯ ಮಡಿಲಲ್ಲಿ ಪೂರ್ತಿ ನಿಲ್ಲುವವರೆಗೂ ಕೊಂಡಮ್ಮ ಬಟ್ಟಲಿನಿಂದ ಕೈ ತೆಗೆಯಲಿಲ್ಲ.